ಖೈರೂನ್‌ಬಿಯ ಕೈ ಮತ್ತು ನಾನು ಓದದ ಸೆಕ್ಷನ್

೧೯೭೪ರಲ್ಲಿ ನಾನು ಮುಂಬಯಿಯ ಒಂದು ಉಪನಗರದ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಕನ್ನಡ ಇಂಟರ್‌ಪ್ರಿಟರ್ ಆಗಿದ್ದೆ. ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು. ಸಾಕ್ಷಿ ಕನ್ನಡದಲ್ಲಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಮ್ಯಾಜಿಸ್ಟ್ರೇಟರಿಗೆ, ಅವರು ಕೇಳಿದ್ದನ್ನು ಕನ್ನಡದಲ್ಲಿ ಸಾಕ್ಷಿಗೆ ಮುಟ್ಟಿಸುವುದು ನನ್ನ ಡ್ಯೂಟಿ. ಸಾಕ್ಷಿ ‘ನನ್ನ ಕೈ’ ಎಂದರೆ ನಾನೂ ‘ಮೈ ಹ್ಯಾಂಡ್’ ಎನ್ನಬೇಕು, ‘ಆಕೆಯ ಕೈ’ ಎನ್ನುವಂತಿಲ್ಲ. ಸಾಕ್ಷಿಯ ಒಂದು ಮಾತೂ ಬಿಡಬಾರದು, ನನ್ನದು ಒಂದೂ ಸೇರಬಾರದು.

ಆ ವರ್ಷ ಏಪ್ರಿಲ್ ಒಂದರಿಂದ ಹೊಸ ಕ್ರಿಮಿನಲ್ ಪ್ರೊಸೀಜರ್ ಕೋಡ್ ಜಾರಿಗೆ ಬಂತು. ಬಾಗಿಲ ಮೇಲಿನ ‘ಪ್ರೆಸಿಡೆನ್ಸಿ ಮ್ಯಾಜಿಸ್ಟ್ರೇಟ್’ ಅಳಿಸಿ ‘ಮೆಟ್ರೊಪಾಲಿಟನ್’ ಎಂದು ಬರೆದರು. “ಬೋರ್ಡ್ ನಯಾ, ಪಂಖಾ ವಹೀ,” ಎಂದ ನಮ್ಮ ಪ್ಯೂನ್, ತಲೆಯ ಮೇಲೆ ಕಿರುಗುಟ್ಟುತ್ತಿದ್ದ ಫ್ಯಾನ್ ನೋಡಿ. ನಾನು ಮಾತ್ರ ಲಂಚ್ ಅವರ್‌ನಲ್ಲಿ ಹೊಸ ಪುಸ್ತಕ ತೆರೆದು ಕೂತುಬಿಟ್ಟೆ. ಮಂಗಳೂರಿನ ಕಾನ್ವೆಂಟ್‌ನಲ್ಲಿ ಓದಿದವಳು, ಇಂಗ್ಲಿಷ್ ಗೊತ್ತಿದ್ದರೆ ಕಾನೂನೂ ಗೊತ್ತು ಎಂಬ ಸಣ್ಣ ಪ್ರೈಡ್ ಇತ್ತು. ಸೆಕ್ಷನ್ ೩೫೭ ಓದಿದಾಗ ರೋಮಾಂಚನವಾಯಿತು. ಹಳೆಯ ಕಾನೂನಿನಲ್ಲಿ ಆರೋಪಿಗೆ ದಂಡ ಹಾಕಿದರೆ ಮಾತ್ರ ಅದರಿಂದ ಪೆಟ್ಟು ತಿಂದವರಿಗೆ ಪರಿಹಾರ. ಬರೀ ಜೈಲಾದರೆ ಅವರಿಗೆ ಏನೂ ಇಲ್ಲ. ಈಗ ದಂಡ ಇಲ್ಲದಿದ್ದರೂ ಪರಿಹಾರ ಕೊಡಿಸಬಹುದಿತ್ತು. ಕೊನೆಗೂ ಯಾರೋ ಪೆಟ್ಟು ತಿಂದವರನ್ನು ನೆನೆದರಲ್ಲ ಎನ್ನಿಸಿತು.

ಆಗ ನಮ್ಮಲ್ಲಿ ಖೈರೂನ್‌ಬಿಯ ಕೇಸು ನಡೆಯುತ್ತಿತ್ತು. ಬಿಜಾಪುರ ಕಡೆಯ ವಿಧವೆ, ಭಾಂಡುಪ್‌ನ ಒಂದು ಹೋಟೆಲಿನಲ್ಲಿ ಹಿಟ್ಟು ರುಬ್ಬುವವಳು. ಜನವರಿಯಲ್ಲಿ ಒಂದು ಹೋಳು ತೆಂಗಿನಕಾಯಿ ಕದ್ದಳೆಂದು ಮಾಲೀಕರ ತಮ್ಮ ಆಕೆಯ ಬಲಗೈ ತಿರುಚಿದ್ದ. ಮಣಿಕಟ್ಟಿನ ಮೂಳೆ ಮುರಿದು, ಸೊಟ್ಟಗೆ ಕೂಡಿಕೊಂಡಿತು. ಆಮೇಲೆ ಆ ಕೈಯಲ್ಲಿ ಚೊಂಬು ಹಿಡಿಯುವುದಕ್ಕೂ ಆಗುತ್ತಿರಲಿಲ್ಲ. ಆಕೆ ಇದ್ದದ್ದು ಹೋಟೆಲಿನ ಹಿಂದೆ, ಮಾಲೀಕರದೇ ಚಾಳಿನ ಒಂದು ರೂಮಿನಲ್ಲಿ. ಚಾರ್ಜ್‌ಶೀಟ್ ಫೆಬ್ರವರಿಯಲ್ಲಿ ಬಂದಿತ್ತು.

ಜೂನ್‌ನಲ್ಲಿ ಆಕೆಯ ಸಾಕ್ಷಿ ಮುಗಿದ ದಿನ ಮಾಲೀಕರು ಕಾರಿಡಾರಿನಲ್ಲಿ ನನ್ನ ಬಳಿ ಬಂದರು. ಉಡುಪಿ ಕಡೆಯವರು, ಮೆದು ಮಾತು.

“ಮೇಡಂ, ನೀವು ನಮ್ಮ ಊರಿನ ಕಡೆಯವರಲ್ಲವಾ, ಅವಳಿಗೆ ಒಂದು ಮಾತು ಹೇಳಿ ಮಾರಾಯ್ರೆ. ರಾಜಿ ಮಾಡಿಕೊಳ್ಳಲಿ. ರೂಮು ಅವಳು ಇರುವಷ್ಟು ದಿನ ಅವಳಿಗೇ. ಸ್ಟ್ಯಾಂಪ್ ಪೇಪರಿನಲ್ಲಿ ಬರೆದು ಕೊಡ್ತೇನೆ. ತರಕಾರಿ ಹೆಚ್ಚಲಿಕ್ಕೆ ಎಡಗೈ ಸಾಕು.”

ಇಂಥ ಕೇಸಿನಲ್ಲಿ ಪೆಟ್ಟು ತಿಂದವರು ಒಪ್ಪಿ, ಕೋರ್ಟು ಅನುಮತಿ ಕೊಟ್ಟರೆ ರಾಜಿ ಆಗಬಹುದಿತ್ತು. ಆದರೆ ‘ನಮ್ಮ ಊರಿನ ಕಡೆಯವರು’ ಎಂಬ ಮಾತು ನನ್ನನ್ನು ಚುಚ್ಚಿತು. ಊರಿನವರೆಂದು ನಾನು ಅವರ ಪರ ವಾಲುತ್ತೇನೆಯೇ? ವಾಲಬಾರದೆಂಬ ಹಟದಲ್ಲಿ ಇನ್ನೊಂದು ಕಡೆಗೆ ವಾಲಿದೆನೆಂದು ಆಗ ನನಗೆ ತಿಳಿಯಲಿಲ್ಲ.

ಸ್ವಲ್ಪ ಹೊತ್ತಿಗೆ ಅದೇ ಕಾರಿಡಾರಿಗೆ ಖೈರೂನ್‌ಬಿಯೇ ಬಂದು ಕೇಳಿದಳು. “ಅಕ್ಕಾರ, ರೂಮ್ ಕೊಡ್ತೀನಂತಾರ. ತಗೊಳ್ಳೇನ್ರೀ? ನನಗ ತಲಿ ಮ್ಯಾಲ ಒಂದು ಛತ್ ಇದ್ರ ಸಾಕು ನೋಡ್ರಿ.”

ನನಗೆ ತಿಳಿಯದು, ಪ್ರಾಸಿಕ್ಯೂಟರನ್ನು ಕೇಳು ಎಂದು ಹೇಳಬೇಕಿತ್ತು. ನಾನು, “ಹೊಸ ಕಾನೂನು ಬಂದಿದೆ, ಖೈರೂನ್‌ಬಿ. ಅವನಿಗೆ ಶಿಕ್ಷೆಯೂ ಆಗುತ್ತದೆ, ನಿನಗೆ ಪರಿಹಾರವೂ ಸಿಗುತ್ತದೆ. ಕೈ ಮುರಿದವರ ಹಂಗಿನಲ್ಲಿ ಯಾಕೆ ಇರುತ್ತೀ?” ಎಂದೆ.

“ನೀವು ಓದಿದವ್ರು,” ಎಂದಳು. ಮುಂದಿನ ವಾಯಿದೆಯ ದಿನ ಕೋರ್ಟಿನಲ್ಲಿ ರಾಜಿ ಬೇಡವೆಂದು ಹೇಳಿದಳು. ಅದನ್ನು ಇಂಗ್ಲಿಷಿನಲ್ಲಿ ಹೇಳುವಾಗ ನನ್ನ ದನಿಯಲ್ಲಿ ಹೆಮ್ಮೆ ಇತ್ತು.

ಆಗಸ್ಟ್‌ನಲ್ಲಿ ತೀರ್ಪು. ಆರೋಪಿಗೆ ಮೂರು ತಿಂಗಳ ಸಜೆ, ದಂಡವಿಲ್ಲ. ಪ್ರಾಸಿಕ್ಯೂಟರ್ ಎದ್ದು ೩೫೭ರ ಕೆಳಗೆ ಪರಿಹಾರ ಕೇಳಿದರು. ಮ್ಯಾಜಿಸ್ಟ್ರೇಟರು ಒಳ್ಳೆಯ ಮನುಷ್ಯ. ಪುಸ್ತಕದ ಕೊನೆಯ ಸೆಕ್ಷನ್ ೪೮೪ ತೆಗೆದು ನಿಧಾನವಾಗಿ ಓದಿದರು: ಏಪ್ರಿಲ್ ಒಂದಕ್ಕೆ ಮೊದಲೇ ಶುರುವಾದ ವಿಚಾರಣೆಗಳು ಹಳೆಯ ಕೋಡಿನಂತೆಯೇ ಮುಗಿಯಬೇಕು. ಹಳೆಯದರಲ್ಲಿ ದಂಡವಿಲ್ಲದೆ ಪರಿಹಾರವಿಲ್ಲ, ಸಹಿ ಹಾಕಿದ ತೀರ್ಪಿಗೆ ಈಗ ದಂಡ ಸೇರಿಸುವಂತೆಯೂ ಇಲ್ಲ. “ಐ ಆ್ಯಮ್ ಹೆಲ್ಪ್‌ಲೆಸ್,” ಎಂದರು.

ನಾನು ೩೫೭ರ ತನಕ ಓದಿ, ನನಗೆ ಬೇಕಾದದ್ದು ಸಿಕ್ಕಿತೆಂದು ಪುಸ್ತಕ ಮುಚ್ಚಿದ್ದೆ.

ಅವರು ಹೇಳಿದ್ದನ್ನು ಖೈರೂನ್‌ಬಿಗೆ ಕನ್ನಡದಲ್ಲಿ ಹೇಳಬೇಕಾದವಳು ನಾನೇ. ಹೇಳಿದೆ. ಆಕೆ ಅಳಲಿಲ್ಲ. ಸೊಟ್ಟ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನನ್ನನ್ನೇ ನೋಡಿದಳು.

“ಹಂಗಾದ್ರ, ಅಕ್ಕಾರ, ಕೈ ಮುರಿಸ್ಕೊಳ್ಳಾಕ ನಾ ಏಪ್ರಿಲ್ ತನಕ ಕಾಯಬೇಕಾಗಿತ್ತೇನ್ರೀ?”

ವ್ಯಂಗ್ಯವಲ್ಲ. ನಿಜವಾಗಿಯೇ ಕೇಳಿದ್ದಳು.

“ವಾಟ್ ಡಸ್ ಶೀ ಸೇ?” ಎಂದರು ಮ್ಯಾಜಿಸ್ಟ್ರೇಟರು.

ಆ ಪ್ರಶ್ನೆಯನ್ನು ಅವರಿಗೆ ದಾಟಿಸಿದರೆ ಅದರ ಬೆನ್ನಿಗೆ ನಾನು ಕಾರಿಡಾರಿನಲ್ಲಿ ಆಡಿದ ಮಾತೂ ಹೊರಗೆ ಬರುತ್ತಿತ್ತು. “ನಥಿಂಗ್, ಸರ್,” ಎಂದೆ. ಮುಂದಿನ ಕೇಸು ಕರೆದರು.

ಎರಡು ವಾರದ ನಂತರ, ಒಂದು ಭಾನುವಾರ, ಲೋಕಲ್ ಹಿಡಿದು ಭಾಂಡುಪ್‌ಗೆ ಹೋದೆ. ರೂಮಿನಲ್ಲಿ ಹೋಟೆಲಿನ ಇಬ್ಬರು ಸಪ್ಲಾಯರ್‌ಗಳಿದ್ದರು. ಪಕ್ಕದ ಮನೆಯ ಹೆಂಗಸು ಹೇಳಿದಳು: “ಖೈರೂನ್‌ಬಿನಾ? ತೀರ್ಪಾದ ಮೂರನೇ ದಿನಕ್ಕೇ ಖಾಲಿ ಮಾಡ್ಸಿದ್ರು. ಎಲ್ಲಿಗಂತ ಹೇಳ್ಲಿಲ್ಲ ಅಮ್ಮಾ. ಯಾರಾದ್ರೂ ಕೇಳ್ತಾರಂತ ಅವಳಿಗೇನು ಗೊತ್ತು?”

ಆಮೇಲೆ ಇಪ್ಪತ್ತೆರಡು ವರ್ಷ ಆ ಕೆಲಸ ಮಾಡಿದೆ. ಯಾರಿಗೂ ಸಲಹೆ ಕೊಡಲಿಲ್ಲ. ಯಾವ ಹೊಸ ಕಾನೂನು ಬಂದರೂ ಅದು ಯಾವ ದಿನದಿಂದ, ಯಾರಿಗೆ ಎಂಬುದನ್ನೇ ಮೊದಲು ಓದಿದೆ. ಈ ಕಥೆ ಕೇಳಿದವರೆಲ್ಲ ಆ ಪಾಠವನ್ನು ಮೆಚ್ಚುತ್ತಾರೆ. ಆದರೆ ನಾನು ನಿಜವಾಗಿ ಕಲಿತದ್ದು ಬೇರೆ. ನನ್ನ ಮಾತು ಸೇರಿಸಿದ್ದು ತಪ್ಪು, ಅದಕ್ಕೆ ಅಜ್ಞಾನದ ನೆಪವಾದರೂ ಇದೆ. ಆಕೆಯ ಮಾತನ್ನು ನುಂಗಿದ್ದಕ್ಕೆ ಯಾವ ನೆಪವೂ ಇಲ್ಲ. ಸಾಕ್ಷಿ ಬೈದರೆ ಬೈಗುಳ, ಶಪಿಸಿದರೆ ಶಾಪ, ಮುಂದೆ ಎಲ್ಲವನ್ನೂ ಅಕ್ಷರ ಬಿಡದೆ ದಾಟಿಸಿದೆ. ಕೋರ್ಟಿನ ದಾಖಲೆಯಲ್ಲಿ ತೀರ್ಪಿನ ದಿನ ಖೈರೂನ್‌ಬಿ ಮಾತ್ರ ಇವತ್ತಿಗೂ ಏನೂ ಹೇಳಿಲ್ಲ.