ಹಲಗೆ ಬಗ್ಗಿತೇ ಎಂದು ನೋಡುವವರು

ಮೊನ್ನೆ ಅಂಗಡಿಯಲ್ಲಿ ಪ್ಲೈವುಡ್ ರಾಶಿ ಸರಿಸುವಾಗ, ಗೋಡೆಗೆ ಒರಗಿದ್ದ ಕಪ್ಪು ಹಲಗೆ ಕೈಗೆ ತಗುಲಿತು. ಮುಂದಿನ ಅಂಚನ್ನು ಬಿಲ್ಲಿನಾಕಾರಕ್ಕೆ ಕೊಯ್ದಿದೆ. ಅಡಿಯಲ್ಲೆಲ್ಲ ರಸ್ತೆ ಉಜ್ಜಿದ ಗೀರು. ಹತ್ತಿರ ಹಿಡಿದರೆ ಈಗಲೂ ಸುಟ್ಟ ರಬ್ಬರಿನ ವಾಸನೆ… ಅಥವಾ ಹಾಗೆಂದು ನನಗನ್ನಿಸಿತೋ.

ಹೆಬ್ಬಗೋಡಿಯಲ್ಲಿ ನನ್ನದು ಪ್ಲೈವುಡ್ ಅಂಗಡಿ. ಹಮಾಲಿ ಮಾಡಿ ಮೇಲೆ ಬಂದವನು ನಾನು. ಗಿರಾಕಿ ಮೆಟ್ಟಿಲು ಹತ್ತುವ ರೀತಿ ನೋಡಿದರೆ ಸಾಕು, ಯಾವ ರೇಟಿಗೆ ಬಂದು ನಿಲ್ಲುತ್ತಾನೆಂದು ಹೇಳುತ್ತೇನೆ. ಈ ಹಲಗೆ ಕೊಯ್ಯಿಸಿಕೊಂಡ ಕಾರಿನ ಸಾರ್ ಒಬ್ಬರೇ ನನ್ನ ಲೆಕ್ಕಕ್ಕೆ ಸಿಗದವರು. ಹೇಳಿದ ರೇಟಿಗೆ ತಲೆಯಾಡಿಸಿಬಿಟ್ಟರು. ನನಗೆ ಸಿಟ್ಟೇ ಬಂತು.

"ಸಾರ್, ಮೊದಲ್ನೇ ರೇಟಿಗೆ ಯಾರಾದ್ರೂ ಒಪ್ಕೋತಾರಾ? ಅರ್ಧಕ್ಕೆ ಕೇಳಿ, ನಾನು ಬೈತೀನಿ, ಮಧ್ಯೆ ಎಲ್ಲೋ ನಿಲ್ತೀವಿ. ವ್ಯಾಪಾರ ಅಂದ್ರೆ ಅದು ಕಣ್ರೀ!"

"ರೇಟ್ ಇರ್ಲಿ ಅಣ್ಣ. ಕಾರಿಗೆ ಹಾಕುವಾಗ ಆ ಕಡೆ ತುದಿ ಹಿಡ್ಕೊಳ್ಳೋಕೆ ಒಬ್ರು ಬೇಕು. ನೀವು ಹಿಡ್ಕೋತೀರಾ?"

ಕುಂದಲಹಳ್ಳಿಯ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ರಜೆ ಸಿಕ್ಕಾಗ ತಮಿಳುನಾಡಿನ ರೇಸ್ ಟ್ರ್ಯಾಕಿಗೆ ತಮ್ಮ ಹಳೆಯ ಕಾರು ಒಯ್ಯುತ್ತಿದ್ದರು, ನನ್ನಂಗಡಿ ದಾರಿಯಲ್ಲೇ. ಹಿಂದಿನ ಸಲ ಜೋರು ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದರೂ ಕಾರು ನೇರ ಹುಲ್ಲಿಗೆ ನುಗ್ಗಿತ್ತಂತೆ. ವೇಗ ಹೆಚ್ಚಾದಂತೆ ಗಾಳಿ ಅಡಿಗೆ ಹೊಕ್ಕು ಕಾರಿನ ಮೂಗನ್ನು ಹಗುರ ಮಾಡುತ್ತದೆ. ಬಂಪರಿನ ಕೆಳಗೆ ಮುಂದಕ್ಕೆ ಚಾಚಿದ ಹಲಗೆ ಕೂರಿಸಿದರೆ ಅದೇ ಗಾಳಿ ಮೂಗನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಸ್ಪ್ಲಿಟರ್ ಅನ್ನುತ್ತಾರೆ. ಹಾಗಾದರೆ ಇನ್ನೂ ಉದ್ದ ಬಿಡಿ, ಶೀಟ್ ವೇಸ್ಟಾಗಲ್ಲ ಎಂದು ನಾನು ಸಲಹೆ ಕೊಟ್ಟೆ.

"ಬೇಡ ಅಣ್ಣ. ಮೂಗು ಅತಿಯಾಗಿ ಒತ್ತಿದ್ರೆ ಬಾಲ ಗಿರ್ರ್ ಅಂತ ತಿರುಗ್ಬಿಡುತ್ತೆ."

ಬೋಲ್ಟು ಬಿಗಿದ ಮೇಲೆ ಅದಕ್ಕೊಂದು ಪರೀಕ್ಷೆ. ಹಲಗೆಯ ತುದಿಯ ಮೇಲೆ ಒಬ್ಬ ಮನುಷ್ಯ ನಿಲ್ಲಬೇಕು. ಅವನ ಭಾರ ತಡೆದರೆ ಗಾಳಿಯ ಭಾರವನ್ನೂ ತಡೆಯುತ್ತದೆ. ನಿಂತವನಿಗೆ ಬಗ್ಗಿದ್ದು ಕಾಣುವುದಿಲ್ಲ. ಇನ್ನೊಬ್ಬರು ನೆಲಕ್ಕೆ ಕೆನ್ನೆ ಹಚ್ಚಿ ನೋಡಿ ಹೇಳಬೇಕು. ನಾನು ನಿಂತೆ. ಅವರು ಒಳ್ಳೆಯ ಶರಟಿನಲ್ಲೇ ಮರದ ಪುಡಿಯ ಮೇಲೆ ಮಲಗಿದರು.

"ಬಗ್ಗಿಲ್ಲ ಅಣ್ಣ! ಇನ್ನೊಂದ್ಸಲ ಕುಣೀರಿ!"

"ನನ್ನ ಹೊಟ್ಟೆ ನೋಡಿ ಮಾತಾಡಿ ಸಾರ್, ಹಲಗೆ ಅಲ್ಲ, ಕಾರೇ ಕೂತ್ಬಿಡುತ್ತೆ!"

ಟ್ರ್ಯಾಕಿನಿಂದ ಮರಳುವಾಗ ಮತ್ತೆ ಬಂದರು. ಅದೇ ತಿರುವಿನಲ್ಲಿ ಮೂಗು ಹೇಳಿದ ಮಾತು ಕೇಳಿತಂತೆ. ಕೈಯನ್ನೇ ಕಾರು ಮಾಡಿ ನನ್ನ ಟೇಬಲ್ಲಿನ ಮೇಲೆ ತಿರುಗಿಸಿ ತೋರಿಸಿದರು. ಟೀ ತರಿಸಿದೆ. ಈ ಸುದ್ದಿ ಹೇಳಲು ಅವರಿಗೆ ಬೇರೆ ಯಾರೂ ಇರಲಿಲ್ಲವೆಂದು ಆಗ ನನಗೆ ಹೊಳೆಯಲಿಲ್ಲ…

ಊರೊಳಗಿನ ಹಂಪುಗಳಿಗೆ ಹಲಗೆ ಉಳಿಯದೆಂದು ಇಲ್ಲೇ ಬಿಚ್ಚುತ್ತಿದ್ದೆವು. ಹಿಂದಿನ ಸೀಟಿನ ಮೇಲೆ ಹಾಕಿಕೊಂಡು ಹೋಗಬಹುದಿತ್ತು. ಹೇಳಿಯೂ ಇದ್ದೆ. "ಇಲ್ಲೇ ಇರ್ಲಿ ಅಣ್ಣ, ಮತ್ತೆ ಬರ್ತೀನಲ್ಲ" ಎನ್ನುತ್ತಿದ್ದರು. ಹಾಗೆ ಎಷ್ಟೋ ಸಲ ಬಂದರು. ಆಮೇಲೆ ಬರಲಿಲ್ಲ. ಫೋನ್ ಸ್ವಿಚ್ ಆಫ್.

ಒಂದು ದಿನ ಅದೇ ಕಾರು ಅಂಗಡಿ ಮುಂದೆ ನಿಂತಿತು. ಟೀಗೆ ಹೇಳಿ ಹೊರಗೆ ಓಡಿದೆ. ಇಳಿದವನು ಬೇರೆ ಯಾರೋ. "ಟ್ರ್ಯಾಕಲ್ಲಿ ಹೇಳಿದ್ರು, ಇದರ ಮುಂದಿನ ಹಲಗೆ ನಿಮ್ಹತ್ರ ಇದೆಯಂತೆ" ಎಂದ. ಕಾರು ಮಾರಿದ್ದು ಅವರ ಅಕ್ಕನಂತೆ. ಟ್ರ್ಯಾಕಿನಲ್ಲಿ ಏನೂ ಆಗಿರಲಿಲ್ಲ. ಜ್ವರ ಬಂದು ಮನೆಯಲ್ಲಿ ಒಬ್ಬರೇ ಮಲಗಿದವರು ಮತ್ತೆ ಏಳಲಿಲ್ಲವಂತೆ. ನೀರು ಕೊಡಲೂ ಯಾರೂ…

"ಎಷ್ಟಾದ್ರೂ ಕೊಡ್ತೀನಿ, ಹೇಳಿ ಅಣ್ಣ."

ಜನ್ಮದಲ್ಲಿ ಮೊದಲ ಸಲ ನನ್ನ ಬಾಯಲ್ಲಿ ರೇಟು ಹೊರಡಲಿಲ್ಲ. "ಅದು ಮಾರೋಕಿಲ್ಲ. ಹೊಸದು ಕೊಯ್ದು ಕೊಡ್ತೀನಿ. ಆದ್ರೆ ಒಬ್ರೇ ಬರ್ಬೇಡಿ, ಜೊತೆಗೊಬ್ರನ್ನ ಕರ್ಕೊಂಡ್ಬನ್ನಿ" ಎಂದೆ. ಅವನಿಗೆ ಅರ್ಥವಾಗಲಿಲ್ಲ. ಮತ್ತೆ ಬರಲೂ ಇಲ್ಲ. ನಿಮಗೂ ಒಂದು ಮಾತು ಹೇಳುತ್ತೇನೆ: ದೂರದಿಂದ ಬಂದು ಚೌಕಾಸಿ ಮಾಡದ ಗಿರಾಕಿಯನ್ನು ಸ್ವಲ್ಪ ಕೂರಿಸಿಕೊಳ್ಳಿ.

ಮೊನ್ನೆ ಆ ಹಲಗೆಯ ಧೂಳು ಒರೆಸಿ, ಎರಡು ಇಟ್ಟಿಗೆಯ ಮೇಲಿಟ್ಟು ಹತ್ತಿ ನಿಂತೆ. ಈಗ ನನ್ನ ತೂಕ ಇನ್ನೂ ಜಾಸ್ತಿ. ಒಮ್ಮೆ ಕುಣಿದೂ ನೋಡಿದೆ. ಬಗ್ಗಿತೋ ಇಲ್ಲವೋ, ನಿಂತವನಿಗೆ ಕಾಣುವುದಿಲ್ಲವಲ್ಲ.