ಕೆಂಪು ಬಂಡೆಯ ಮೇಲೆ ಸೋದರಮಾವ

ಕಳೆದ ಮಾರ್ಚಿನಿಂದ ನನ್ನ ಗಂಡ ಅಕ್ಕಿ ಚೀಲ ಹೊರತೊಡಗಿದ್ದರು. ವೆಸ್ಟ್‌ಮಂಟಿನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲವನ್ನು ಎರಡೂ ತೋಳಿನ ಮೇಲೆ ಅಡ್ಡಡ್ಡ ಮಲಗಿಸಿಕೊಂಡು ಮೆಟ್ಟಿಲು ಹತ್ತುವುದು, ಉಸ್ಸಪ್ಪಾ ಎಂದು ಇಳಿಯುವುದು.

"ಇದೇನ್ರೀ ಹೊಸ ಅವತಾರ?" ಎಂದು ಕೇಳಿದೆ.

"ಸೊಂಟಕ್ಕೆ ಒಳ್ಳೇದಂತೆ."

ಅರವತ್ತೆರಡರ ಮನುಷ್ಯನ ಸೊಂಟಕ್ಕೆ ಅಕ್ಕಿ ಚೀಲ ಒಳ್ಳೆಯದೆಂದು ಯಾವ ಡಾಕ್ಟರು ಹೇಳಿದರೋ ನಾ ಕಾಣೆ. ಬೇಸಿಗೆ ಕಳೆಯುವಷ್ಟರಲ್ಲಿ ಒಂದು ಚೀಲ ಎರಡಾಯಿತು. ಅಡುಗೆಗೆ ಅಕ್ಕಿ ಅಳೆಯಲು ಹೋದರೆ ಡಬ್ಬಿ ಖಾಲಿ, ಅಕ್ಕಿ ವ್ಯಾಯಾಮಕ್ಕೆ ಹೋಗಿರುತ್ತಿತ್ತು. ರಿಟೈರ್ ಆದ ಗಂಡಸರಿಗೆ ಏನೇನೋ ಹುಚ್ಚು ಹತ್ತುತ್ತದೆ, ಇವರಿಗೆ ಇದು ಹತ್ತಿದೆ, ಕುಡಿತಕ್ಕಿಂತ ವಾಸಿ ಎಂದು ಸುಮ್ಮನಾದೆ.

ಆ ವರ್ಷ ನಮ್ಮ ಮನೆಯ ನಿಜವಾದ ತಲೆನೋವು ಬೇರೆಯೇ ಇತ್ತು. ಇವರಿಗೆ ಒಬ್ಬಳೇ ಅಕ್ಕ. ಡೆಟ್ರಾಯಿಟ್ ಪಕ್ಕದ ಸೌತ್‌ಫೀಲ್ಡಿನಲ್ಲಿದ್ದಾರೆ. ನನಗೆ ಅತ್ತಿಗೆ. ಅಕ್ಕ ತಮ್ಮ ಇಬ್ಬರೂ ಎರಡು ವರ್ಷದಿಂದ ಮಾತು ಬಿಟ್ಟಿದ್ದರು.

ಆಗಿದ್ದು ಇಷ್ಟು. ನಮ್ಮತ್ತೆ ಕೊನೆಗಾಲದಲ್ಲಿ ನಮ್ಮಲ್ಲೇ ಇದ್ದರು, ಬೇಸಿಗೆ ಮಾತ್ರ ಮಗಳ ಮನೆ. ತೀರಿಕೊಂಡಿದ್ದೂ ನಮ್ಮ ಮನೆಯಲ್ಲೇ, ಜನವರಿಯ ಹಿಮದಲ್ಲಿ. ಅತ್ತಿಗೆ ಆ ಹಿಮದಲ್ಲೇ ಡ್ರೈವ್ ಮಾಡಿಕೊಂಡು ಬಂದರು. ಹದಿಮೂರನೇ ದಿನ ಊಟಕ್ಕೆ ಎಲೆ ಹಾಕುವಾಗ ಯಾವುದೋ ಸಣ್ಣ ಮಾತಿಗೆ ಮಾತು ಬೆಳೆದು ಇವರು ಎಲ್ಲರೆದುರಿಗೆ, "ನಿಂಗೇನು, ಗೆಸ್ಟ್ ಥರ ಬಂದೆ, ಗೆಸ್ಟ್ ಥರ ಹೋಗ್ತೀಯ" ಎಂದುಬಿಟ್ಟರು. ಅತ್ತಿಗೆ ಕೈಯಲ್ಲಿದ್ದ ಹೋಳಿಗೆ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು, ಕೋಟು ಹಾಕಿಕೊಂಡು ಹೊರಟೇ ಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ, ಹಾಗಾಯಿತು.

ಈಗ ಅತ್ತಿಗೆಯ ಮಗಳ ಮದುವೆ ಗೊತ್ತಾಗಿತ್ತು. ಫೆಬ್ರವರಿಯಲ್ಲಿ ನಿಶ್ಚಯವಾಗಿ, ಡಿಸೆಂಬರಿಗೆ ಮುಹೂರ್ತ ಇಟ್ಟಿದ್ದರು. ನಮ್ಮಲ್ಲಿ ಹೆಣ್ಣನ್ನು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ, ತಾಯಿಯ ಒಡಹುಟ್ಟಿದವನು. ಅವನನ್ನು ತಾಯಿಯೇ ಕುಂಕುಮ ಹಚ್ಚಿ, ಅಕ್ಷತೆ ಕೊಟ್ಟು, ಬಾಯಿಬಿಟ್ಟು ಕರೆಯಬೇಕು. ಅತ್ತಿಗೆ, "ಅವನು ಆಡಿದ ಮಾತು ವಾಪಸ್ ತಗೊಳ್ಳೋವರೆಗೂ ಕರೆಯಲ್ಲ" ಎನ್ನುತ್ತಿದ್ದರು. ಇವರು, "ಕರೆಯದೆ ಹೋಗೋಕೆ ನನಗೇನು ಮಾನ ಇಲ್ವಾ?" ಎನ್ನುತ್ತಿದ್ದರು. ಅತ್ತಿಗೆಯ ಗಂಡ, ನಮ್ಮ ಭಾವನವರ ಯಾರೋ ಕಸಿನ್ ನ್ಯೂಜೆರ್ಸಿಯಲ್ಲಿದ್ದಾನಂತೆ, ಅವನನ್ನು ಸ್ಟ್ಯಾಂಡ್‌ಬೈ ಸೋದರಮಾವನಾಗಿ ಗೊತ್ತುಮಾಡಿಟ್ಟಿದ್ದರು. ಸೋದರಮಾವನಿಗೂ ಸ್ಟ್ಯಾಂಡ್‌ಬೈ! ಕೇಳಿ ನನಗೆ ಮೈಯೆಲ್ಲ ಉರಿಯಿತು.

ಮದುಮಗಳು ನನಗೆ ಫೋನ್ ಮಾಡಿದಳು. ಇಲ್ಲೇ ಹುಟ್ಟಿದ ಹುಡುಗಿ. "ಅತ್ತೆ, ಐ ವಾಂಟ್ ಮೈ ಮಾಮ. ನಾಟ್ ಸಮ್ ರ‍್ಯಾಂಡಮ್ ಗೈ ಫ್ರಮ್ ಜೆರ್ಸಿ," ಎಂದು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ತನ್ನ ಪ್ಲಾನ್ ಹೇಳಿದಳು. ಅರಿಜೋನಾದ ಕೆಂಪು ಬಂಡೆಗಳ ಮರುಭೂಮಿಯಲ್ಲಿ ಒಂದು ದಿನದ ಪ್ರೈವೇಟ್ ಟೂರ್, ಒಂದೇ ವ್ಯಾನ್, ಒಬ್ಬನೇ ಗೈಡ್. ಬೇರೆ ಪ್ರಯಾಣಿಕರಿಲ್ಲ, ತಪ್ಪಿಸಿಕೊಳ್ಳಲು ದಾರಿಯಿಲ್ಲ. ಅಪ್ಪ ಅಮ್ಮನಿಗೆ ಒಂದು ಗಿಫ್ಟ್, ಮಾಮನಿಗೆ ಒಂದು ಗಿಫ್ಟ್ ಎಂದು ಬೇರೆ ಬೇರೆಯಾಗಿ ಹೇಳುತ್ತಾಳೆ. ನಾನು ಬಾಯಿ ಮುಚ್ಚಿಕೊಂಡಿರಬೇಕು. ನನಗೆ ಅದೊಂದೇ ಕಷ್ಟದ ಕೆಲಸ, ಆದರೂ ಮಾಡಿದೆ.

ಅಕ್ಟೋಬರಿನ ಆ ಬೆಳಿಗ್ಗೆ ಹೋಟೆಲಿನ ಲಾಬಿಯಲ್ಲಿ ಎದುರುಬದುರಾದಾಗ ಅಕ್ಕ ತಮ್ಮ ಇಬ್ಬರೂ ಒಂದೇ ಸಲ ಗಕ್ಕನೆ ನಿಂತರು. ಒಂದೇ ಮೂಗು, ಒಂದೇ ಸಿಡುಕು. ಹಿಂದಿರುಗಿ ಹೋಗಬಹುದಿತ್ತು. ಆದರೆ ಟಿಕೆಟ್ ನಾನ್-ರಿಫಂಡಬಲ್. ನಮ್ಮವರಿಗೆ ಅದಕ್ಕಿಂತ ದೊಡ್ಡ ಶಾಸ್ತ್ರವಿಲ್ಲ. ಇಬ್ಬರೂ ಮುಖ ಊದಿಸಿಕೊಂಡು ವ್ಯಾನ್ ಹತ್ತಿದರು. ಅತ್ತಿಗೆ ಮುಂದೆ ಗೈಡ್ ಪಕ್ಕ, ಇವರು ಕಟ್ಟಕಡೆಯ ಸೀಟು, ನಡುವೆ ನಾನು ಮತ್ತು ಭಾವ. ಭಾವನವರು ಬಹಳ ಅನುಭವಸ್ಥರು. ಕೂತ ತಕ್ಷಣ ಎರಡೂ ಕಿವಿಯ ಹಿಯರಿಂಗ್ ಏಡ್ ತೆಗೆದು ಜೇಬಿಗೆ ಹಾಕಿಕೊಂಡರು.

ಗೈಡ್ ಬಿಳಿ ಜುಟ್ಟಿನ ಉದ್ದನೆಯ ಮುದುಕ. ಮಾತು ಮಾತಿಗೂ "ಫೋಕ್ಸ್" ಎನ್ನುತ್ತಿದ್ದ. ಇಂತಿಷ್ಟು ಕೋಟಿ ವರ್ಷದ ಹಿಂದೆ ಇದೆಲ್ಲ ಸಮುದ್ರವಾಗಿತ್ತು, ಮರಳು ಗಟ್ಟಿಯಾಗಿ ಕಲ್ಲಾಯಿತು, ಕಬ್ಬಿಣದ ತುಕ್ಕಿನಿಂದ ಕೆಂಪಾಯಿತು ಎಂದು ಪಾಪ ಚೆನ್ನಾಗಿಯೇ ವಿವರಿಸುತ್ತಿದ್ದ. ಕೇಳುವವರು ಯಾರು? ಅತ್ತಿಗೆ ಮಧ್ಯೆ ಬಾಯಿ ಹಾಕಿ, "ಪ್ಲೀಸ್ ಟೆಲ್ ದ ಜೆಂಟಲ್‌ಮನ್ ಇನ್ ದ ಬ್ಯಾಕ್ ಟು ಕ್ಲೋಸ್ ಹಿಸ್ ವಿಂಡೋ. ಧೂಳು ಬರ್ತಿದೆ," ಎಂದರು.

ಹಿಂದಿನಿಂದ ಉತ್ತರ ಬಂತು: "ಟೆಲ್ ದ ಲೇಡಿ, ಗಾಳಿ ಬೇಡ ಅಂದ್ರೆ ಮನೇಲಿ ಇರ್ಬೇಕಿತ್ತು ಅಂತ."

ನಾವು ಇದನ್ನೆಲ್ಲ ಹುಟ್ಟಿದಾಗಿನಿಂದ ನೋಡಿಕೊಂಡು ಬಂದವರು. ಮಾತು ಬಿಟ್ಟವರು ಗೋಡೆಗೆ ಹೇಳುತ್ತಾರೆ, ಬೆಕ್ಕಿಗೆ ಹೇಳುತ್ತಾರೆ, ಯಾರೂ ಇಲ್ಲದಿದ್ದರೆ ಕುಕ್ಕರಿಗಾದರೂ ಹೇಳುತ್ತಾರೆ. ಆದರೆ ಈ ಗೈಡಿಗೆ ಹೇಗೆ ಗೊತ್ತಾಗಬೇಕು? ಅವನು ಶ್ರದ್ಧೆಯಿಂದ ಪ್ರತಿಯೊಂದು ಮಾತನ್ನೂ ಆಚೆಯಿಂದ ಈಚೆಗೆ ಸಾಗಿಸುತ್ತಿದ್ದ. ಅರ್ಧ ಕನ್ನಡವಿದ್ದದ್ದನ್ನು ನಾನು ಅವನಿಗೆ ಇಂಗ್ಲಿಷ್ ಮಾಡಿ ಕೊಡುತ್ತಿದ್ದೆ. ನನ್ನ ಹಣೆಬರಹ.

ಮೊದಲ ನಿಲುಗಡೆಯಲ್ಲಿ ಅತ್ತಿಗೆ ಸೌತ್‌ಫೀಲ್ಡಿನಿಂದ ಕರಿದು ತಂದ ಕೋಡುಬಳೆ ಡಬ್ಬಿ ತೆಗೆದರು. ನನಗೆ ಕೊಟ್ಟರು, ಭಾವನಿಗೆ ಕೊಟ್ಟರು. ಕೋಡುಬಳೆ ಎಂದರೆ ನಮ್ಮವರು ಪ್ರಾಣ ಬಿಡುತ್ತಾರೆ, ಅದು ಅತ್ತಿಗೆಗೆ ಗೊತ್ತು. ಇಡೀ ಡಬ್ಬಿಯನ್ನು ಗೈಡ್‌ನ ಕೈಗಿಟ್ಟು, "ಪ್ಲೀಸ್ ಆಫರ್ ಟು ಎವ್ರಿಒನ್," ಎಂದು ಬಂಡೆ ನೋಡುವವರ ಹಾಗೆ ಆಚೆ ತಿರುಗಿದರು. ಗೈಡ್ ತಾನೊಂದು ತಿಂದು, ಒಂದನ್ನು ಉಂಗುರದಂತೆ ಬೆರಳಿಗೆ ಸಿಕ್ಕಿಸಿಕೊಂಡು, ಡಬ್ಬಿಯನ್ನು ಇವರ ಮುಂದೆ ಹಿಡಿದ. ಇವರು ಬೇಡ ಬೇಡ ಎನ್ನುತ್ತಲೇ ನಾಲ್ಕು ತೆಗೆದುಕೊಂಡರು.

ಆಮೇಲೆ ಒಂದು ತಿರುವಿನಲ್ಲಿ ಒಂಟಿ ಬಂಡೆಯೊಂದು ಕಾಣಿಸಿತು. ಗೈಡ್ ಅದಕ್ಕೆ ಏನೋ ಹೆಸರು ಹೇಳುವಷ್ಟರಲ್ಲಿ ವ್ಯಾನಿನ ಮುಂದಿನಿಂದಲೂ ಹಿಂದಿನಿಂದಲೂ ಒಟ್ಟಿಗೆ, "ಅಮ್ಮ!" ಎಂದು ಕೂಗು ಬಂತು. ಹೌದು, ಸೆರಗು ಸಿಕ್ಕಿಸಿ, ಸೊಂಟದ ಮೇಲೆ ಎರಡೂ ಕೈಯಿಟ್ಟು, ಹಾಲು ಚೆಲ್ಲಿದವರು ಯಾರು ಎಂದು ಕೇಳುವ ಥರ ನಿಂತಿತ್ತು ಬಂಡೆ. ನಮ್ಮತ್ತೆಯೇ! ಅಕ್ಕ ತಮ್ಮ ಒಂದು ಕ್ಷಣ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿದರು. ತಕ್ಷಣ ಅವರು ಬಲಗಡೆ ಕಿಟಕಿಗೆ, ಇವರು ಎಡಗಡೆ ಕಿಟಕಿಗೆ ತಿರುಗಿಕೊಂಡರು.

ಊಟಕ್ಕೆ ಇಳಿದಾಗ ಗೈಡ್ ನನ್ನನ್ನು ಪಕ್ಕಕ್ಕೆ ಕರೆದ. ದನಿ ತಗ್ಗಿಸಿ, ವಿಚ್ಛೇದನ ಆದ ಮೇಲೂ ನೀವೆಲ್ಲ ಹೀಗೆ ಒಟ್ಟಿಗೆ ಪ್ರವಾಸ ಬಂದಿದ್ದೀರಲ್ಲ, ಬಹಳ ದೊಡ್ಡ ಮನಸ್ಸು, ಅದರಲ್ಲೂ ನಿಮ್ಮದು, ಎಂದ. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವನ ಲೆಕ್ಕದಲ್ಲಿ ಅತ್ತಿಗೆ ನನ್ನ ಗಂಡನ ಮೊದಲ ಹೆಂಡತಿ, ನಾನು ಎರಡನೆಯವಳು! ಭಾವ ಮೊದಲ ಹೆಂಡತಿಯ ಎರಡನೇ ಗಂಡ! ಶಿವ ಶಿವಾ! ತಿದ್ದಬೇಕೆಂದು ಬಾಯಿ ತೆರೆದೆ. ಬೆಳಗಿನಿಂದ ಇವರಿಬ್ಬರೂ ಕೊಟ್ಟ ಕಾಟ ನೆನಪಾಯಿತು. ನಾನ್ಯಾಕೆ ತಿದ್ದಲಿ, ಅನುಭವಿಸಲಿ ಎಂದು, "ಥ್ಯಾಂಕ್ ಯೂ, ಇಟ್ಸ್ ನಾಟ್ ಈಸಿ," ಎಂದು ನಿಟ್ಟುಸಿರು ಬಿಟ್ಟೆ.

ಮಧ್ಯಾಹ್ನ ಎಂಬತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಭಾವನವರು ವ್ಯಾನಿನಲ್ಲೇ ನಿದ್ದೆ ಮಾಡುತ್ತೇನೆಂದರು. ನಾವು ಮೂವರು ಗೈಡ್‌ನ ಹಿಂದೆ ಒಂದು ಬೋಳು ಬಂಡೆ ಹತ್ತಿದೆವು. ಹತ್ತುವುದೇನೋ ಸಲೀಸು. ಮೇಲೆ ನಿಂತರೆ ಕಣ್ಣು ಹಾಯುವವರೆಗೂ ಕೆಂಪು, ಎಂಥ ಜಗಳಗಂಟರಿಗೂ ಬಾಯಿ ಮುಚ್ಚಿಸುವಂಥ ನೋಟ. ಇಳಿಯುವಾಗ ಗ್ರಹಚಾರ ಶುರುವಾಯಿತು. ನಾನು ಹೇಗೋ ಕೆಳಗಿನ ಸಮತಟ್ಟಿಗೆ ಬಂದೆ. ಇವರು ಇಳಿಜಾರಿನ ನಡುವೆ ಗಕ್ಕನೆ ಕುಕ್ಕರುಗಾಲಿನಲ್ಲಿ ಕೂತುಬಿಟ್ಟರು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಅವರ ಹಿಂದೆ ಅತ್ತಿಗೆ.

ಗೈಡ್ ಕೈ ಕೊಡಲು ಹೊರಟ, ಅಷ್ಟರಲ್ಲಿ ಕೆಳಗಿನಿಂದ ವ್ಯಾನಿನ ಅಲಾರ್ಮ್ ಊಳಿಡತೊಡಗಿತು. ಭಾವನವರು ನಿದ್ದೆಯಲ್ಲಿ ಬಾಗಿಲಿನದೇನೋ ಎಳೆದಿದ್ದರು. ಕಿವಿಯಲ್ಲಿ ಮಷಿನ್ ಇಲ್ಲ, ಹಾಗಾಗಿ ಪರಮಸುಖ. ಗೈಡ್, "ಡೋಂಟ್ ಮೂವ್, ಫೋಕ್ಸ್!" ಎಂದು ಕೆಳಗೆ ಓಡಿದ.

ಅತ್ತಿಗೆ ಮೇಲಿನಿಂದ ನನಗೆ ಕೂಗಿದರು: "ನಿನ್ನ ಗಂಡಂಗೆ ಹೇಳಮ್ಮ, ಕೂತ್ಕೊಂಡು ಜಾರ್ಲಿ ಅಂತ!"

ಇವರು ನನಗೆ ಕೂಗಿದರು: "ಅವರಿಗೆ ಹೇಳು, ನಂಗೆ ಯಾರೂ ಕಲಿಸ್ಬೇಕಾಗಿಲ್ಲ!"

ಇಬ್ಬರ ನಡುವೆ ಒಂದು ಮಾರು ದೂರವಿಲ್ಲ. ನಾನಿದ್ದದ್ದು ಮೂವತ್ತು ಅಡಿ ಕೆಳಗೆ. ನನ್ನ ತಲೆ ಕೆಟ್ಟುಹೋಯಿತು.

"ಇನ್ನು ನಾನು ಯಾರಿಗೂ ಏನೂ ಹೇಳಲ್ಲ!" ಎಂದು ಕಿರುಚಿದೆ. "ಎರಡು ವರ್ಷ ಆಯ್ತು ನಿಮ್ಮಿಬ್ಬರ ಟಪಾಲು ಹೊತ್ತು! ಆ ಮಗು ನ್ಯೂಜೆರ್ಸಿಯವನ ಕೈ ಹಿಡ್ಕೊಂಡು ಮಂಟಪಕ್ಕೆ ಬರ್ಲಿ. ನೀವಿಬ್ರೂ ಒಬ್ಬೊಬ್ರು ಒಂದೊಂದು ಮೂಲೇಲಿ ಕೂತು ನೋಡಿ ಆನಂದಪಡಿ. ಅತ್ತಿಗೆ, ನೀವು ದೊಡ್ಡೋರು, ನಿಮಗೂ ಅಷ್ಟೇ ಹೇಳ್ತಿರೋದು!"

ಅತ್ತಿಗೆಗೆ ನಾನು ಎಂದೂ ಎದುರಾಡಿದವಳಲ್ಲ. ಅವರಿಗೆ ಬೆನ್ನು ತಿರುಗಿಸಿ ಕೂತೆ. ಏನು ಮಾಡಬೇಕೆಂದು ತೋಚದೆ, ಚೀಲದಿಂದ ಮಿಕ್ಕಿದ ಪುಳಿಯೋಗರೆ ಡಬ್ಬಿ ತೆಗೆದು ತಿನ್ನತೊಡಗಿದೆ.

ಅಲಾರ್ಮ್ ನಿಂತಿತು. ಆಮೇಲೆ ಅತ್ತಿಗೆಯ ದನಿ ಕೇಳಿತು.

"ಲೋ."

ನಾನು ತುತ್ತು ಬಾಯಿಗಿಟ್ಟುಕೊಂಡೇ ಕಿವಿ ನಿಮಿರಿಸಿದೆ.

"ಲೋ, ನಿನಗೇ ಕಣೋ. ಕಾಲು ಚಾಚು. ಕೈ ಕೊಡು ಇಲ್ಲಿ."

ನಾನು ತಿರುಗಿ ನೋಡಿದೆ. ಅರವತ್ತೇಳರ ಅಕ್ಕ, ಅರವತ್ತೆರಡರ ತಮ್ಮ, ಕೈ ಕೈ ಹಿಡಿದು, ಬಂಡೆಯ ಮೇಲೆ ಕುಂಡಿ ಊರಿ, ಜರ್ರನೆ, ನಿಂತು, ಮತ್ತೆ ಜರ್ರನೆ ಜಾರುತ್ತ ಬರುತ್ತಿದ್ದರು. ಕೆಳಗೆ ಬಂದು ಎದ್ದಾಗ ಇಬ್ಬರ ಪ್ಯಾಂಟಿನ ಹಿಂಭಾಗವೂ ಕೆಂಪುಕೆಂಪು. ಆದರೂ ಕೈ ಬಿಟ್ಟಿರಲಿಲ್ಲ.

"ಆವತ್ತು ಏನಂದೆ ನೆನಪಿದ್ಯಾ?" ಎಂದರು ಅತ್ತಿಗೆ.

"ಇದೆ ಅಕ್ಕ."

"ಬೇಸಿಗೆ ಪೂರ್ತಿ ಅಮ್ಮನ ತಲೆ ಬಾಚ್ತಿದ್ದೆ ಕಣೋ ನಾನು. ಕೊನೆಕೊನೆಗೆ ತುತ್ತು ಮಾಡಿ ತಿನ್ನಿಸ್ತಿದ್ದೆ."

"ಗೊತ್ತು ಅಕ್ಕ." ಇವರ ದನಿ ಒಡೆಯಿತು. "ಆಡಬಾರದಿತ್ತು. ಆವತ್ತಿಂದ ನಿದ್ದೆ ಬಂದಿಲ್ಲ ಸರಿಯಾಗಿ."

ನನಗೂ ಅಳು ಬಂತು, ಬಾಯಿತುಂಬ ಪುಳಿಯೋಗರೆ ಇತ್ತು. ಅತ್ತಿಗೆ ಕೈಚೀಲದಿಂದ ಮಾತ್ರೆ ಹಾಕಿಡುವ ಪ್ಲಾಸ್ಟಿಕ್ ಡಬ್ಬಿ ತೆಗೆದರು. ಬಿ.ಪಿ. ಏರಿತೇನೋ ಎಂದು ಹೆದರಿ ನೀರಿನ ಬಾಟಲಿ ಚಾಚಿದೆ. ಡಬ್ಬಿಯ ಒಂದು ಮನೆಯಲ್ಲಿ ಕುಂಕುಮ, ಇನ್ನೊಂದರಲ್ಲಿ ಅಕ್ಷತೆ. ಯಾವ ಧೈರ್ಯದ ಮೇಲೆ ಅಲ್ಲಿಂದ ಇಲ್ಲಿಯವರೆಗೂ ಹೊತ್ತುಕೊಂಡು ಬಂದಿದ್ದರೋ ಎಂದುಕೊಂಡರೆ, ತಮ್ಮ ಬರುತ್ತಾನೆಂದು ಮಗಳ ಮುಖ ನೋಡಿಯೇ ಊಹಿಸಿದ್ದರಂತೆ; ಲಾಬಿಯಲ್ಲಿ ಗಕ್ಕನೆ ನಿಂತಿದ್ದು ಬರೀ ನಾಟಕ. ತಮ್ಮನ ಬೆವರಿನ ಹಣೆಗೆ ಕುಂಕುಮ ಹಚ್ಚಿ, ಕೈಗೆ ಅಕ್ಷತೆ ಕೊಟ್ಟರು.

"ಮದ್ವೆಗೆ ಬಾ. ಗೆಸ್ಟ್ ಥರ ಬರ್ಬೇಡ."

ಇವರು ಬಗ್ಗಿ ಅಕ್ಕನ ಕಾಲು ಮುಟ್ಟಿದರು. ಅದೇ ಹೊತ್ತಿಗೆ ಏದುಸಿರು ಬಿಡುತ್ತ ಗೈಡ್ ಮೇಲೆ ಬಂದ. ಹಣೆಯ ಕುಂಕುಮ ನೋಡಿದ, ಅಕ್ಕಿ ನೋಡಿದ, ಕಾಲು ಮುಟ್ಟಿದ್ದೂ ನೋಡಿದ. ಟೋಪಿ ತೆಗೆದು ನನ್ನ ಪಕ್ಕ ನಿಂತು, ಇವರಿಬ್ಬರೂ ಈಗ ಮತ್ತೆ ಮದುವೆಯಾದರೇ ಎಂದು ಪಿಸುಗುಟ್ಟಿದ. ಕಣ್ಣೀರು ಸುರಿಯುತ್ತಿದ್ದ ನನ್ನ ಭುಜ ತಟ್ಟಿ, ಧೈರ್ಯವಾಗಿರಿ ಎಂದ. ಅಳುತ್ತಿದ್ದವಳಿಗೆ ನಗು ಉಕ್ಕಿ ಪುಳಿಯೋಗರೆ ನೆತ್ತಿಗೇರಿತು.

ಕೆಮ್ಮು ನಿಂತ ಮೇಲೆ ಇವರು ಗಂಭೀರವಾಗಿ ಕೇಳಿದರು: "ಅಕ್ಕ, ಹುಡುಗಿ ಎಷ್ಟು ತೂಕ ಇದಾಳೆ?"

"ಯಾಕೋ?"

"ನಾನು ನಲವತ್ತು ಪೌಂಡ್‌ವರೆಗೂ ಬಂದಿದೀನಿ. ಬೇಸ್‌ಮೆಂಟಿಂದ ಮೇಲಕ್ಕೆ, ಎಲ್ಲೂ ನಿಲ್ಲದೆ. ನಿನ್ನ ಮದ್ವೇಲಿ ಮಾವ ನಿನ್ನನ್ನ ಎತ್ಕೊಂಡೇ ಬಂದಿದ್ರಲ್ಲ."

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಸೊಂಟಕ್ಕಂತೆ, ವ್ಯಾಯಾಮವಂತೆ! ಫೆಬ್ರವರಿಯಲ್ಲಿ ನಿಶ್ಚಯ, ಮಾರ್ಚಿನಲ್ಲಿ ಅಕ್ಕಿ ಚೀಲ. ಯಾರೂ ಕರೆಯದಿದ್ದ ಮದುವೆಗೆ ಈ ಪುಣ್ಯಾತ್ಮ ಆಗಲೇ ಹೊರಟು ನಿಂತಿದ್ದರು.

"ಆಗ ನಾನು ಕಡ್ಡಿ ಥರ ಇದ್ದೆ ಕಣೋ," ಎಂದರು ಅತ್ತಿಗೆ, ಅಳುತ್ತ, ನಗುತ್ತ, ತಮ್ಮನ ಪ್ಯಾಂಟಿನ ಕೆಂಪು ಧೂಳು ಕೊಡವುತ್ತ. "ಇವಳು ನೂರಾ ಮೂವತ್ತು ಇದಾಳೆ. ಕೈ ಹಿಡ್ಕೊಂಡು ಕರ್ಕೊಂಡು ಬಂದ್ರೆ ಸಾಕು."

ಇವರು ಕೇಳಿಸಿಕೊಳ್ಳಲೇ ಇಲ್ಲ. ಬೆರಳು ಮಡಚಿ ಏನೋ ಎಣಿಸಿ ನನ್ನ ಕಡೆ ತಿರುಗಿದರು. "ಲೇ, ಊರಿಗೆ ಹೋದ ತಕ್ಷಣ ಇನ್ನೂ ಐದು ಚೀಲ ಅಕ್ಕಿ ತರ್ಬೇಕು."