ಆ ಬೂಷ್ಟಿಗೆ ಕಾರಣ ಶಹನಾಜ್ ಅಲ್ಲ

ಬೆಳಗ್ಗೆಯಿಂದ ನಾಲ್ಕು ಸಲ ಫೋನ್...
"ಶರಣಪ್ಪಣ್ಣ, ನೀವು ಲ್ಯಾಬಿನ್ಯಾಗ ಇದ್ದವರು. ಗ್ರೂಪಿಗಿ ನಾಕು ಸಾಲು ಹಾಕ್ರಿ."
ಆರನೇ ಇಯತ್ತೆಗೆ ಶಾಲೆ ಬಿಟ್ಟವನಿಗೆ ಬರಿ ಬರಿ ಅಂತ ಗಂಟು ಬೀಳುತ್ತೀರಲ್ಲ, ನಿಮಗೆ ಬೇರೆ ಕೆಲಸ ಇಲ್ಲವೇ?
ಸರಿ, ಬರೆಯುತ್ತೇನೆ.
ಆಮೇಲೆ ಯಾಕೆ ಬರೆದೆ ಅನ್ನಬೇಡಿ.

ಶಹನಾಜ್ ಹೋದಳು ಅಂತೀರಿ...
ನಿನ್ನೆ ತಾನೇ ಜೇವರ್ಗಿ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ಇವತ್ತು ಇಲ್ಲವಂತೆ.
ಸುಳ್ಳಿರಬೇಕು ಅಂತ ಎರಡು ಕಡೆ ಕೇಳಿದೆ.
ನಿಜವೇ...

ಕಾಲೇಜಿನ ಹಳೆಯ ಹುಡುಗರ ಈ ವಾಟ್ಸಾಪ್ ಗ್ರೂಪ್ ತೆಗೆದರೆ ಎಲ್ಲರದೂ ಒಂದೇ ಮಾತು.
"ನಮ್ಮ ಬೂಷ್ಟು ಶಹನಾಜ್ ಇನ್ನಿಲ್ಲ..."
"ಮಿಸ್ ಯೂ ಬೂಷ್ಟು..."
ಪ್ರೀತಿಯಿಂದಲೇ ಹಾಕಿದ್ದೀರಿ, ಗೊತ್ತು.
ಆದರೆ ಆ ಹೆಸರು ಅವಳಿಗೆ ಹತ್ತಿದ್ದು ನನ್ನ ಸುಳ್ಳಿನಿಂದ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ನಾನು ನಮ್ಮ ಸಣ್ಣ ಕಾಲೇಜಿನ ಬಾಟನಿ ಲ್ಯಾಬ್ ಅಟೆಂಡರ್ ಆಗಿದ್ದೆ. ಅವಳು ಬಿಎಸ್ಸಿ ಕೊನೆಯ ವರ್ಷ. ಗೊಬ್ಬೂರಿನಿಂದ ಬಸ್ಸಿಗೆ ಬರುತ್ತಿದ್ದಳು.
ಗಿಡ ತಂದು, ಹಳೆಯ ನ್ಯೂಸ್ ಪೇಪರಿನ ನಡುವೆ ಒಣಗಿಸಿ, ಶೀಟಿಗೆ ಅಂಟಿಸಿ ಪರೀಕ್ಷೆಗೆ ಕೊಡಬೇಕು. ಹರ್ಬೇರಿಯಂ ಅನ್ನುತ್ತಾರೆ.
ಉತ್ರಾಣಿ, ತುಂಬೆ, ನೆಗ್ಗಿಲು... ಭೀಮಾ ದಂಡೆ, ತೊಗರಿ ಹೊಲದ ಬದು ಎಲ್ಲಾ ತಿರುಗಿ ತಂದಿದ್ದಳು. ಊರ ಕಡೆಯ ಹೆಸರು ನನ್ನನ್ನು ಕೇಳಿ ಬರೆದುಕೊಳ್ಳುವಳು.
ನಾನು ರೇಗಿದರೆ,
"ಕಾಕಾ, ಈಗ ಅಂದದ್ದು ಗಿಡದ ಹೆಸರೋ, ನಿಮ್ಮ ಬೈಗಳೋ? ಲೇಬಲ್ ಮ್ಯಾಲ ಬರೀಬೇಕ್ರಿ!" ಅನ್ನುವಳು.

ದೀಪಾವಳಿ ಸೂಟಿ ಬಂತು.
ಗಿಡಗಳನ್ನು ಎರಡು ಹಲಗೆಯ ನಡುವೆ ಪ್ರೆಸ್‌ನಲ್ಲಿ ಬಿಗಿದಿದ್ದಳು. ದಿನಾ ಪೇಪರ್ ಬದಲಿಸಬೇಕು, ಇಲ್ಲದಿದ್ದರೆ ಕೊಳೆಯುತ್ತವೆ.
"ನಾ ಬದಲಸ್ತೇನಿ, ನೀ ಆರಾಮ ಊರಿಗಿ ಹೋಗವಾ" ಅಂದೆ.
ಅಂದವನು ಯಾರಿಗೂ ಹೇಳದೆ ಮಟಕಿ ಊರಿಗೆ, ತಂಗಿಯ ಮನೆಗೆ ಹೋದೆ.
ಐದು ದಿನ...
ಲ್ಯಾಬಿನ ಚಾವಿ ನನ್ನ ಜೇಬಿನಲ್ಲೇ.

ಸೂಟಿ ಮುಗಿದು ಪ್ರೆಸ್ ಬಿಚ್ಚಿದರೆ ಎಲ್ಲದಕ್ಕೂ ಬೂಷ್ಟು ಹಿಡಿದಿತ್ತು. ಒಂದೂ ಉಳಿದಿರಲಿಲ್ಲ.
ಬಾಟನಿ ಕಲಿಸುವ ದೇಶಮುಖ ಸರ್ ಕ್ಲಾಸಿನ ಮುಂದೆಯೇ ಕೇಳಿದರು.
"ತೊಯ್ದ ಗಿಡ ತಂದು ತುರುಕ್ಯಾಳ್ರಿ ಸರ್. ಬ್ಯಾಡಂದ್ರೂ ಕೇಳಲಿಲ್ಲ" ಅಂದೆ.
"ಸುಳ್ಳ ಅದ ಸರ್! ಇವರು ಬದಲಸೇ ಇಲ್ಲ, ನಾ ಹಾಕಿದ ಪೇಪರೇ ಅವ ಇವು. ಬೇಕಾದ್ರ ತಾರೀಖ ನೋಡ್ರಿ!" ಅಂದಳು.
"ರದ್ದಿಗಿ ಎಂಥಾ ತಾರೀಖಬೇ? ಎಲ್ಲಾ ಹಳೇವೇ ಇರ್ತಾವ" ಅಂದೆ.
ಕ್ಲಾಸೆಲ್ಲ ನಕ್ಕಿತು. ಸರ್ ಕೂಡ ನಕ್ಕರು.
ಅವಳು ಹೇಳಿದ್ದು ಖರೆ ಇತ್ತು. ಯಾರೂ ಪೇಪರ್ ನೋಡಲಿಲ್ಲ.
ಮಾರ್ಕ್ಸ್ ಹೋದವು... ಹೆಸರು ಉಳಿಯಿತು.

ಶಹನಾಜ್...
ಅವತ್ತಿನಿಂದ ನಿನ್ನ ಬಾಯಲ್ಲಿ ನಾನು ಕಾಕಾ ಆಗಲಿಲ್ಲ. "ಅಟೆಂಡರ್" ಆದೆ.
ಹೋದ ವರ್ಷ ಜೇವರ್ಗಿ ಬಸ್‌ಸ್ಟ್ಯಾಂಡಿನಲ್ಲಿ ಕಂಡೆಯಲ್ಲ... ಹೇಳಿಯೇ ಬಿಡಬೇಕು ಅಂತ ಹತ್ತಿರ ಬಂದಿದ್ದೆ ಮಗಳೇ.
ಬಾಯಿಗೆ ಬಂದದ್ದು ಏನು?
"ಕಲಬುರಗಿ ಬಸ್ ಎಷ್ಟಕ್ಕ ಅದ್ರಿ ಟೀಚರ್?"
"ನಾ ಏನು ಕಂಡಕ್ಟರ್ ಇದ್ದೇನೇನ್ರಿ?" ಎಂದು ನೀನು ಕೇಳಿದೆ.
ನಗುತ್ತ ಕೇಳಿದೆಯೋ, ಸಿಟ್ಟಿನಲ್ಲೋ... ಮುಖ ನೋಡುವ ಧೈರ್ಯ ನನಗಿರಲಿಲ್ಲ.
ಜೀವಮಾನವೆಲ್ಲ ಮಂದಿಗೆ ಬೈದ ಬಾಯಿ ಇದು. "ತಪ್ಪಾತು" ಅನ್ನಲಿಕ್ಕೆ ತೆರೆಯಲಿಲ್ಲ.
ನಾಚಿಕೆಯಾಗುತ್ತದೆ...
ಗಿಡ ಕೆಡಿಸಿದವನು ನಾನು. ನೀನಲ್ಲ.
ಹೋಗಿ ಬಾರವ್ವ... ಊರ ಮಣ್ಣು ನಿನಗೆ ತಂಪಾಗಿರಲಿ, ನಿನ್ನ ಜೀವಕ್ಕೆ ನೆಮ್ಮದಿ ಇರಲಿ.

ಇನ್ನು ಗ್ರೂಪಿನವರಿಗೆ.
ಆ ಹೆಸರು ಹಾಕಿದ ಪೋಸ್ಟು ಈಗಲೇ ತೆಗೆಯಿರಿ.
ಭಾನುವಾರ ಕಾಲೇಜಿನಲ್ಲಿ ಸಂತಾಪ ಸಭೆ ಇಟ್ಟಿದ್ದೀರಿ, ಅವಳ ತಾಯಿ ಬರುತ್ತಾರಂತೆ. ನಾನೂ ಬರುತ್ತೇನೆ, ಆದರೆ ಬರೀ ಫೋಟೋಕ್ಕೆ ಹೂವು ಹಾಕಿ ಹೋಗಲಿಕ್ಕಲ್ಲ. ಇದೆಲ್ಲ ಆ ತಾಯಿಯ ಎದುರಿಗೆ ನನ್ನ ಬಾಯಿಂದಲೇ ಹೇಳಬೇಕು.
ದೇಶಮುಖ ಸರ್, ನೀವೂ ಈ ಗ್ರೂಪಿನಲ್ಲಿದ್ದೀರಿ. ನನಗೆ ಮೈಕ್ ಕೊಡುತ್ತೀರೋ ಇಲ್ಲವೋ?
ಶನಿವಾರ, ಹದಿನಾಲ್ಕನೇ ತಾರೀಖಿನೊಳಗೆ ಇಲ್ಲೇ, ಎಲ್ಲರಿಗೂ ಕಾಣುವಂತೆ ಉತ್ತರ ಹಾಕಿ.